ಬೆಂಗಳೂರಲ್ಲಿ ಒಂದೇ ರೂಮಿನ ಬಾಡಿಗೆ ಮನೆ: ಹುಡುಕುವುದರಿಂದ ಖಾಲಿ ಮಾಡುವವರೆಗೆ

ಬೆಂಗಳೂರಿಗೆ ಮೊದಲ ಸಲ ಕೆಲಸಕ್ಕೆ ಬರುವವರು ಬಾಡಿಗೆ ಮನೆ ಅಂದ ಕೂಡಲೇ ಕೇಳುವುದು ಒಂದೇ ಮಾತು: "ಎಷ್ಟಾಗತ್ತೆ?" ಕೇಳಲೇಬೇಕಾದ ಮಾತು. ಅದರ ಜೊತೆಗೇ ಇನ್ನೆರಡು ಕೇಳಿ. ನೀರು ಹೇಗೆ? ಗಾಳಿ ಬರುತ್ತಾ? ರೂಮು ಚಿಕ್ಕದಾಯಿತು ಅಂತ ಮನೆ ಬಿಟ್ಟವರು ಕಡಿಮೆ. ಮೂರು ದಿನ ನೀರಿಲ್ಲ, ಗೋಡೆಯೆಲ್ಲ ತೇವ, ಏಪ್ರಿಲ್‌ನಲ್ಲಿ ಒಳಗೆ ಮಲಗಲು ಆಗುವುದಿಲ್ಲ ಅಂತ ಬಿಟ್ಟವರೇ ಜಾಸ್ತಿ. ಜಾಗ ಸಾಲದಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದು. ನೀರು, ಗಾಳಿಯನ್ನು ಆಮೇಲೆ ತರಿಸಿಕೊಳ್ಳಲು ಆಗುವುದಿಲ್ಲ.

ರಾಯಚೂರು, ಹಾಸನ, ಶಿರಸಿ, ಚಾಮರಾಜನಗರದಿಂದ ಮೊದಲ ಕೆಲಸಕ್ಕೆ ಬಂದು, ಒಬ್ಬರೇ ಅಥವಾ ಇಬ್ಬರು ಸೇರಿ ಸಿಂಗಲ್ ರೂಮ್ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ.

ಬಂದ ಕೂಡಲೇ ಮನೆ ಮಾಡಬೇಡಿ

ಮೊದಲ ತಿಂಗಳು ಪಿಜಿಯಲ್ಲೋ, ನೆಂಟರ ಮನೆಯಲ್ಲೋ, ಊರಿನ ಸ್ನೇಹಿತರ ರೂಮಿನಲ್ಲೋ ಇರಿ. ಪಿಜಿ ಊಟ ಹಿಡಿಸದೇ ಇರಬಹುದು, ಒಂದು ರೂಮಿಗೆ ಮೂರು ನಾಲ್ಕು ಜನ ಇರಬಹುದು. ಆದರೂ ಅಲ್ಲಿ ದೊಡ್ಡ ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ಆ ಒಂದು ತಿಂಗಳು ದಿನಾ ಕೆಲಸಕ್ಕೆ ಹೋಗಿ ಬಂದರೆ ಯಾವ ಕಡೆ ಮನೆ ಮಾಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಬೆಂಗಳೂರಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಹೊತ್ತಿನಲ್ಲಿ ಅಳೆಯಿರಿ. ಸದಾ ಟ್ರಾಫಿಕ್ ಕಟ್ಟಿಕೊಳ್ಳುವ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೋಗುವ ಎಂಟು ಕಿಲೋಮೀಟರಿಗಿಂತ ಮೆಟ್ರೋದಲ್ಲಿ ಹೋಗುವ ಇಪ್ಪತ್ತು ಕಿಲೋಮೀಟರೇ ಎಷ್ಟೋ ಸಲ ಬೇಗ ಮುಗಿಯುತ್ತದೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರಿಗೆ ಅದರಿಂದ ದೊಡ್ಡ ಅನುಕೂಲ ಆಗಿದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಅಂದ ಮಾತ್ರಕ್ಕೆ ಅಲ್ಲಿಯ ಬಾಡಿಗೆಯನ್ನೇ ಕೊಡಬೇಕು ಅಂತಿಲ್ಲ. ಅದೇ ಮಾರ್ಗದಲ್ಲಿ ಈ ಕಡೆ ನಾಯಂಡಹಳ್ಳಿ, ಕೆಂಗೇರಿ ಇವೆ.

ಆದರೆ ಓಡಾಟದ ಖರ್ಚನ್ನು ಬಾಡಿಗೆಗೆ ಸೇರಿಸಿಯೇ ಲೆಕ್ಕ ಹಾಕಿ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ದೂರದ ಮೆಟ್ರೋ ಪ್ರಯಾಣಕ್ಕೆ ಒಂದು ಕಡೆಗೇ 90 ರೂಪಾಯಿವರೆಗೆ ಆಗುತ್ತದೆ. ತಿಂಗಳಿಗೆ 25 ದಿನ ಹೋಗಿ ಬಂದರೆ 4,500. ಬಾಡಿಗೆಯಲ್ಲಿ ಎರಡು ಸಾವಿರ ಉಳಿಸಿ ಓಡಾಟಕ್ಕೆ ನಾಲ್ಕೂವರೆ ಸಾವಿರ ಸುರಿದರೆ ಏನು ಬಂತು? ಹೆಣ್ಣುಮಕ್ಕಳಿಗೆ ಈ ಲೆಕ್ಕವೇ ಬೇರೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಿಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು. ಹಾಗಾಗಿ ಮೆಟ್ರೋ ಪಕ್ಕದಲ್ಲೇ ಮನೆ ಬೇಕು ಅನ್ನುವ ಒತ್ತಡ ಕಡಿಮೆ. ಬಸ್ ಸ್ಟಾಪಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ, ರಾತ್ರಿ ದೀಪ ಉರಿಯುವ, ಜನ ಓಡಾಡುವ ಬೀದಿಯಲ್ಲಿ ಮನೆ ಸಿಕ್ಕರೆ ಆಯಿತು. ಗಂಡುಮಕ್ಕಳು ಬಿಎಂಟಿಸಿ ತಿಂಗಳ ಪಾಸ್ ಎಷ್ಟಾಗುತ್ತದೆ ಅಂತ ವಿಚಾರಿಸಿ, ಅದನ್ನು ಮೆಟ್ರೋ ಖರ್ಚಿನ ಜೊತೆ ಹೋಲಿಸಿ ನೋಡಿ.

ಕಾಲ್ನಡಿಗೆಯಲ್ಲೇ ಹುಡುಕಿ

ಇಷ್ಟು ಸಣ್ಣ ಮನೆಗಳು ಆ್ಯಪ್‌ಗಳಲ್ಲಿ ಕಾಣುವುದು ಕಡಿಮೆ. ಕಂಡರೂ ನಡುವೆ ಬ್ರೋಕರ್ ಇರುತ್ತಾರೆ, ಒಂದು ತಿಂಗಳ ಬಾಡಿಗೆ ಕಮಿಷನ್ ಅಂತ ಹೋಗುತ್ತದೆ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡೇ ಈಗಲೂ ನಂಬಿಕಸ್ಥ ದಾರಿ. ಭಾನುವಾರ ಬೆಳಿಗ್ಗೆ ಏರಿಯಾಗೆ ಇಳಿದು ಅಡ್ಡರಸ್ತೆಗಳನ್ನೆಲ್ಲ ಒಂದು ಸುತ್ತು ಹಾಕಿ. ಹಾಲಿನ ಅಂಗಡಿಯವರನ್ನು, ಇಸ್ತ್ರಿ ಮಾಡುವವರನ್ನು, ಕಾಂಡಿಮೆಂಟ್ಸ್ ಅಂಗಡಿಯವರನ್ನು ಕೇಳಿ. ಯಾವ ಮನೆ ಮುಂದಿನ ತಿಂಗಳು ಖಾಲಿ ಆಗುತ್ತದೆ ಅನ್ನುವುದು ಬೋರ್ಡ್ ಬೀಳುವ ಮೊದಲೇ ಅವರಿಗೆ ಗೊತ್ತಿರುತ್ತದೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಲಗ್ಗೆರೆ, ದಾಸರಹಳ್ಳಿ, ಮೂಡಲಪಾಳ್ಯ, ಬಾಪೂಜಿನಗರ, ಹೊಂಗಸಂದ್ರ, ಉತ್ತರಹಳ್ಳಿ. ಇಂಥ ಕಡೆಗಳಲ್ಲಿ ಸಿಂಗಲ್ ರೂಮುಗಳು, ಸಾಲು ಮನೆಗಳು, ಟೆರೇಸ್ ಮೇಲಿನ ಶೀಟ್ ಮನೆಗಳು ಸಿಗುತ್ತವೆ.

ಆಷಾಢ ಬಂದರೆ ಇನ್ನೂ ಒಳ್ಳೆಯದು. ನಮ್ಮ ಜನ ಆಷಾಢದಲ್ಲಿ ಮನೆ ಬದಲಿಸುವುದಿಲ್ಲ. ಹಾಗಾಗಿ ಖಾಲಿ ಮನೆ ಇಟ್ಟುಕೊಂಡ ಓನರ್ ಶ್ರಾವಣದವರೆಗೆ ಕಾಯಬೇಕಾಗುತ್ತದೆ. ಆಗ ಬಾಡಿಗೆಯಲ್ಲಿ ಐನೂರು, ಅಡ್ವಾನ್ಸ್‌ನಲ್ಲಿ ಒಂದೆರಡು ತಿಂಗಳು ಚೌಕಾಸಿ ಮಾಡಲು ಅವಕಾಶ ಇರುತ್ತದೆ. ಮನೆಯಲ್ಲಿ ಹಿರಿಯರು ಬೇಡ ಅಂದರೆ, ಮಾತು ಮುಗಿಸಿ ಟೋಕನ್ ಕೊಟ್ಟಿಡಿ. ಶ್ರಾವಣದಲ್ಲಿ ಹಾಲು ಉಕ್ಕಿಸಿ ಬನ್ನಿ.

"ಏನು ಕೆಲಸ? ಊರು ಯಾವುದು? ಬ್ಯಾಚುಲರ್ಸಾ? ನಾನ್‌ವೆಜ್ ಮಾಡ್ತೀರಾ?" ಅಂತ ಓನರ್ ಕೇಳೇ ಕೇಳುತ್ತಾರೆ. ಜಾತಿ ಕೇಳುವವರೂ ಇದ್ದಾರೆ. ಇದು ನೋವು ಕೊಡುವ ಮಾತು, ತಪ್ಪು ಕೂಡ. ಅಂಥ ಮನೆ ಬಿಟ್ಟು ಮುಂದಿನ ಗೇಟಿಗೆ ಹೋಗಿ. ಊಟದ ವಿಷಯ, ರಾತ್ರಿ ಪಾಳಿಯ ವಿಷಯ, ಊರಿಂದ ತಮ್ಮನೋ ಅಮ್ಮನೋ ಬಂದು ಉಳಿಯುವ ವಿಷಯ ಮಾತ್ರ ಮೊದಲೇ ಬಿಚ್ಚಿ ಹೇಳಿಬಿಡಿ. "ಆಂಟಿ, ನನಗೆ ವಾರ ಬಿಟ್ಟು ವಾರ ನೈಟ್ ಶಿಫ್ಟ್ ಇರತ್ತೆ, ಬೆಳಿಗ್ಗೆ ಆರಕ್ಕೆ ಬರ್ತೀನಿ, ಗೇಟ್ ಕೀ ಒಂದು ಬೇಕಾಗತ್ತೆ." ಇಷ್ಟು ಹೇಳಿದರೆ ಮುಂದೆ ದಿನಾ ಮುಖ ಗಂಟು ಹಾಕಿಕೊಳ್ಳುವುದು ತಪ್ಪುತ್ತದೆ.

ಮನೆ ನೋಡಲು ಹೋದಾಗ

ಇಲ್ಲಿ ಅವಸರ ಮಾಡಬೇಡಿ. ಒಂದೇ ಮನೆಯನ್ನು ಎರಡು ಹೊತ್ತು ನೋಡಿ, ಬೆಳಿಗ್ಗೆ ಏಳರ ಹೊತ್ತಿಗೆ ಒಮ್ಮೆ, ಸಂಜೆ ನಾಲ್ಕರ ಹೊತ್ತಿಗೆ ಒಮ್ಮೆ.

ಬೆಳಿಗ್ಗೆ ಹೋಗುವುದು ನೀರಿಗಾಗಿ. ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ಬಚ್ಚಲಿನ ನಲ್ಲಿ ತಿರುಗಿಸಿ. ಧಾರೆ ದಪ್ಪ ಇದೆಯಾ, ಎರಡು ನಿಮಿಷ ಬಿಟ್ಟರೂ ಹಾಗೇ ಬರುತ್ತಾ ನೋಡಿ. ಆಮೇಲೆ ಓನರ್‌ನ ಕೇಳಿ: ಕಾವೇರಿ ಕನೆಕ್ಷನ್ ಇದೆಯಾ, ಬೋರ್‌ವೆಲ್ಲಾ, ಟ್ಯಾಂಕರ್ರಾ? ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ತುಂಬಾ ಏರಿಯಾಗಳಲ್ಲಿ ಅದನ್ನು ದಿನ ಬಿಟ್ಟು ದಿನ, ಗೊತ್ತಾದ ಹೊತ್ತಿಗೆ ಬಿಡುತ್ತಾರೆ. ಅದು ಮೊದಲು ಸಂಪು, ಅಂದರೆ ನೆಲದಡಿಯ ತೊಟ್ಟಿ, ತುಂಬಿ, ಮೋಟಾರ್ ಹಾಕಿದ ಮೇಲೆ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಹಾಗಾಗಿ ಸಂಪು ಎಷ್ಟು ದೊಡ್ಡದು, ಮೋಟಾರ್ ಯಾರು ಹಾಕುತ್ತಾರೆ, ಎಷ್ಟು ಹೊತ್ತಿಗೆ ಹಾಕುತ್ತಾರೆ ಅನ್ನುವುದೂ ನಿಮ್ಮ ಮನೆಯ ವಿಷಯವೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಊರಿನ ಎಷ್ಟೋ ಕಡೆ ಜನ ಟ್ಯಾಂಕರ್ ಕಾಯುತ್ತಾ ನಿಂತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿದ ಹೊರಗಿನ 110 ಹಳ್ಳಿಗಳಿಗೂ ನೀರು ಕೊಡುವ ವ್ಯವಸ್ಥೆ ಆಯಿತು. ಆದರೆ ಪೈಪು ಏರಿಯಾಗೆ ಬಂದಿದೆ ಅನ್ನುವುದು ಬೇರೆ, ಈ ಕಟ್ಟಡಕ್ಕೆ ಕನೆಕ್ಷನ್ ತೆಗೆದುಕೊಂಡಿದ್ದಾರೆ ಅನ್ನುವುದು ಬೇರೆ. ಪಕ್ಕದ ಬಾಡಿಗೆಯವರನ್ನು ಒಂದು ಮಾತು ಕೇಳಿ: "ಅಕ್ಕಾ, ಹೋದ ಬೇಸಿಗೇಲಿ ನೀರು ಹೇಗಿತ್ತು?" ಅವರು ಹೇಳಿದ್ದನ್ನು ನಂಬಿ.

ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಚ್ಚಲಿನ ಬಕೆಟ್ಟೇ ಹೇಳುತ್ತದೆ. ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಸ್ನಾನಕ್ಕೆ, ಬಟ್ಟೆಗೆ ನಡೆಯುತ್ತದೆ. ಕುಡಿಯಲು, ಅಡುಗೆಗೆ ಬೇರೆ ನೀರು ತರಬೇಕು. ಬಹಳ ಬಡಾವಣೆಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಮನೆಯಿಂದ ಅದು ಎಷ್ಟು ದೂರ ಅಂತ ನಡೆದೇ ನೋಡಿ. 20 ಲೀಟರ್ ಕ್ಯಾನ್ ಅಂದರೆ 20 ಕೆ.ಜಿ. ಭಾರ. ಮೂರನೇ ಮಹಡಿಯ ಇಕ್ಕಟ್ಟಾದ ಮೆಟ್ಟಿಲಲ್ಲಿ ಅದನ್ನು ಎತ್ತಿಕೊಂಡು ಹತ್ತುವಾಗ ಬೆರಳು ಕೆಂಪಾಗಿ ಗೆರೆ ಬೀಳುತ್ತದೆ, ಮಧ್ಯ ಮಹಡಿಯಲ್ಲಿ ಇಳಿಸಿ ಕೈ ಬದಲಿಸಬೇಕಾಗುತ್ತದೆ. ಹತ್ತು ಲೀಟರಿನ ಎರಡು ಕ್ಯಾನ್ ಕೊಳ್ಳಿ, ಎರಡು ಕೈಗೂ ಭಾರ ಸಮ ಆಗುತ್ತದೆ.

ಸಂಜೆ ಹೋಗುವುದು ಬಿಸಿಲಿಗಾಗಿ. ಪಡುವಣ ಗೋಡೆಯ ಮೇಲೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಅಂಗೈಗೆ ಬೆಚ್ಚಗೆ ತಾಗಿದರೆ ರಾತ್ರಿ ಹನ್ನೊಂದರವರೆಗೂ ಆ ಗೋಡೆ ಶಾಖ ಬಿಡುತ್ತಲೇ ಇರುತ್ತದೆ. ಶೀಟ್ ಮನೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಹಗಲಲ್ಲಿ ಇರುವುದೇ ಕಷ್ಟ. ಹಗಲಿಡೀ ಹೊರಗಿರುವ ಕೆಲಸ ನಿಮ್ಮದಾದರೆ ಒಪ್ಪಿಕೊಳ್ಳಬಹುದು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಾದರೆ ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಕಿಟಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಎಲ್ಲಿಗೆ ತೆರೆಯುತ್ತದೆ ಅನ್ನುವುದು ಮುಖ್ಯ. ಪಕ್ಕದ ಕಟ್ಟಡದ ಗೋಡೆಗೆ ಎರಡಡಿ ಬಿಟ್ಟು ತೆರೆಯುವ ಕಿಟಕಿಗಿಂತ ಆಕಾಶ ಕಾಣುವ ಸಣ್ಣ ಕಿಟಕಿ ವಾಸಿ. ಬಾಗಿಲು, ಕಿಟಕಿ ಎದುರುಬದುರಾಗಿದ್ದರೆ ಗಾಳಿ ಆಡುತ್ತದೆ. ಬಚ್ಚಲಿಗೆ ಅಂಟಿದ ಗೋಡೆಯ ಕೆಳಭಾಗ, ಮೂಲೆಗಳು, ಸಜ್ಜದ ಅಡಿ ನೋಡಿ. ಹೊಸದಾಗಿ ಸುಣ್ಣ ಹೊಡೆದ ಗೋಡೆಯಲ್ಲೂ ತೇವದ ವಾಸನೆ ಮುಚ್ಚಿಡಲು ಆಗುವುದಿಲ್ಲ. ಬಾಗಿಲು ಹಾಕಿಕೊಂಡು ಒಂದು ನಿಮಿಷ ಸುಮ್ನೆ ನಿಂತರೆ ಮೂಗಿಗೆ ಗೊತ್ತಾಗುತ್ತದೆ.

ಆಮೇಲೆ ಮೀಟರ್. ರೂಮಿನ ಎಲ್ಲ ಸ್ವಿಚ್ ಆರಿಸಿ, ಕೆಳಗೆ ಹೋಗಿ ನಿಮ್ಮ ಮೀಟರಿನ ಮಿಣುಕು ದೀಪ ನೋಡಿ. ಅದು ಮಿಣುಕುವುದು ನಿಲ್ಲಬೇಕು. ಮಿಣುಕುತ್ತಲೇ ಇದ್ದರೆ ಮೆಟ್ಟಿಲಿನ ಲೈಟೋ, ನೀರಿನ ಮೋಟಾರೋ, ಇನ್ನೊಂದು ಮನೆಯೋ ಆ ಮೀಟರಿಗೆ ಸೇರಿಕೊಂಡಿದೆ ಅಂತ ಅರ್ಥ. ಇದನ್ನು ಅಡ್ವಾನ್ಸ್ ಕೊಡುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಅಡ್ವಾನ್ಸ್ ಮತ್ತು ಅಗ್ರಿಮೆಂಟ್

ಬೆಂಗಳೂರಿಗೆ ಹೊಸಬರಾದವರ ಎದೆ ಒಡೆಯುವುದು ಇಲ್ಲಿಯೇ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಇಲ್ಲಿಯ ಹಳೇ ಪದ್ಧತಿ. ಬಾಡಿಗೆ 7,000 ಎಂದರೆ ಅಡ್ವಾನ್ಸ್ 70,000. ಮೊದಲ ಸಂಬಳವೂ ಕೈಗೆ ಬರದ ಹುಡುಗನೋ ಹುಡುಗಿಯೋ ಅಷ್ಟು ದುಡ್ಡು ಎಲ್ಲಿಂದ ತರಬೇಕು? ಎಷ್ಟೋ ಮನೆಗಳಲ್ಲಿ ಅಪ್ಪ ಇದಕ್ಕಾಗಿಯೇ ಸಾಲ ಮಾಡಿರುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಅನ್ನುತ್ತದೆ. ಆದರೆ ಅದು ರಾಜ್ಯಗಳು ಒಪ್ಪಿ ಕಾನೂನು ಮಾಡಿಕೊಳ್ಳಬೇಕಾದ ಮಾದರಿ ಅಷ್ಟೇ. ನಮ್ಮ ಬೀದಿಗಳಲ್ಲಿ ನಡೆಯುತ್ತಿರುವುದು ಹಳೆಯದೇ. ಹಾಗಾಗಿ ಕೇಳಿದ ಕೂಡಲೇ ತಲೆಯಾಡಿಸಬೇಡಿ. ಐದು ತಿಂಗಳಿಂದ ಮಾತು ಶುರು ಮಾಡಿ. ಬಾಡಿಗೆ ತಿಂಗಳ ಐದನೇ ತಾರೀಕಿನೊಳಗೆ ತಪ್ಪದೇ ಕೊಡುತ್ತೇನೆ ಅನ್ನಿ, ಕೆಲಸದ ಪತ್ರ ತೋರಿಸಿ. ಅಡ್ವಾನ್ಸ್ ಎರಡು ಕಂತಿನಲ್ಲಿ ಕೊಡಲು ಒಪ್ಪುವ ಓನರ್‌ಗಳೂ ಇದ್ದಾರೆ.

ದುಡ್ಡು ಕೈಗೆ ಕೊಡಬೇಡಿ. ಬ್ಯಾಂಕಿನಿಂದಲೋ ಯುಪಿಐನಿಂದಲೋ ಕಳಿಸಿ, "ಮನೆ ಅಡ್ವಾನ್ಸ್" ಅಂತ ಬರೆದೇ ಕಳಿಸಿ. ಯಾರ ಹೆಸರಲ್ಲಿ ಅಗ್ರಿಮೆಂಟ್ ಇದೆಯೋ ಅವರ ಖಾತೆಗೇ ಹೋಗಬೇಕು. ಗುರುತಿಗೆ ಆಧಾರ್ ಕೇಳಿದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಅದರ ಪ್ರತಿ ಕೊಡಿ.

ಅಗ್ರಿಮೆಂಟ್ 11 ತಿಂಗಳಿಗೆ ಮಾಡುವುದಕ್ಕೆ ಕಾರಣ ಇದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಆ ಓಡಾಟ ಬೇಡ ಅಂತ 11ಕ್ಕೆ ನಿಲ್ಲಿಸುತ್ತಾರೆ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಟೈಪ್ ಮಾಡಿಸುವ ಅಂಗಡಿಗಳು ಎಲ್ಲ ಕಡೆ ಇವೆ. ಅಂಗಡಿಯವರು ಕೊಡುವ ಸಿದ್ಧ ನಮೂನೆಗೆ ಹಾಗೇ ಸಹಿ ಹಾಕಬೇಡಿ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಖಾಲಿ ಮಾಡಲು ಎಷ್ಟು ದಿನ ಮೊದಲು ಹೇಳಬೇಕು, ನೀರಿನ ದುಡ್ಡು ಬಾಡಿಗೆಯಲ್ಲೇ ಸೇರಿದೆಯಾ, ಅಡ್ವಾನ್ಸ್ ಯಾವತ್ತು ವಾಪಸ್ ಕೊಡುತ್ತಾರೆ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ. ಇವೆಲ್ಲ ಅದರಲ್ಲಿ ಬರಬೇಕು. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ರೂಢಿ. ಬರೆದಿಲ್ಲ ಅಂದರೆ ಅದು ಎರಡು ತಿಂಗಳೂ ಆಗಬಹುದು.

ಕೀ ಕೈಗೆ ಬಂದ ದಿನವೇ ಖಾಲಿ ರೂಮಿನ ಫೋಟೋ ತೆಗೆಯಿರಿ. ಬಿರುಕು, ಒಡೆದ ಟೈಲ್ಸ್, ಸೋರುವ ನಲ್ಲಿ, ಮೀಟರ್ ರೀಡಿಂಗ್ ಎಲ್ಲವನ್ನೂ ಓನರ್‌ಗೆ ವಾಟ್ಸಾಪ್ ಮಾಡಿ.

ಭೋಗ್ಯಕ್ಕೆ, ಅಂದರೆ ಲೀಸಿಗೆ, ಲಕ್ಷಗಟ್ಟಲೆ ಕೊಟ್ಟು ಬಾಡಿಗೆ ಇಲ್ಲದೆ ಇರಬಹುದು ಅಂತ ಆಸೆ ಹುಟ್ಟುತ್ತದೆ. ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದರೆ, ಅಥವಾ ಒಂದೇ ಮನೆಯನ್ನು ಇಬ್ಬರಿಗೆ ಭೋಗ್ಯಕ್ಕೆ ಕೊಟ್ಟಿದ್ದರೆ ನಿಮ್ಮ ದುಡ್ಡು ಮುಳುಗಿದಂತೆ. ಮೊದಲ ಮನೆಗೆ ಅದು ಬೇಡವೇ ಬೇಡ.

ಕರೆಂಟು

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆಯವರಿಗೂ ಉಂಟು. ನಿಮ್ಮ ಮನೆಗೆ ಬೇರೆ ಬೆಸ್ಕಾಂ ಮೀಟರ್ ಇದ್ದರೆ, ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಮತ್ತು ನಿಮ್ಮ ಆಧಾರ್ ಇಟ್ಟುಕೊಂಡು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ಮೊದಲು ಇದ್ದವರ ಆಧಾರ್ ಆ ಮೀಟರಿಗೆ ಜೋಡಿಯಾಗಿದ್ದರೆ ಅದನ್ನು ಬಿಡಿಸಬೇಕು, ಅದಕ್ಕೂ ಅಲ್ಲೇ ದಾರಿ ಇದೆ. ಎಷ್ಟು ಯೂನಿಟ್ ಉಚಿತ ಅನ್ನುವುದು ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಆ ಮಿತಿ ದಾಟಿದರೆ ಹೆಚ್ಚಾದಷ್ಟಕ್ಕೆ ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದು ಓನರ್ ಸಬ್ ಮೀಟರ್ ಹಾಕಿ ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡುವ ಮನೆಗಳಲ್ಲಿ ನಿಮ್ಮ ಹೆಸರಿಗೆ ಈ ಅನುಕೂಲ ಸಿಗುವುದಿಲ್ಲ. ಬಾಡಿಗೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಣ್ಣ ರೂಮಿನಲ್ಲಿ ಯೂನಿಟ್ ತಿನ್ನುವುದು ಬಿಸಿ ಮಾಡುವ ಸಾಮಾನು. 1,500 ವ್ಯಾಟ್‌ನ ವಾಟರ್ ಹೀಟರ್ ರಾಡ್ 20 ನಿಮಿಷಕ್ಕೆ ಅರ್ಧ ಯೂನಿಟ್. 2,000 ವ್ಯಾಟ್‌ನ ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ ಒಂದು ಗಂಟೆಗೆ ಎರಡು ಯೂನಿಟ್. 75 ವ್ಯಾಟ್‌ನ ಫ್ಯಾನು ರಾತ್ರಿ ಹತ್ತು ಗಂಟೆ ತಿರುಗಿದರೂ ಮುಕ್ಕಾಲು ಯೂನಿಟ್ಟೇ. ರಾಡ್, ಇಂಡಕ್ಷನ್ ಎರಡನ್ನೂ ದೊಡ್ಡ ಮೂರು ರಂಧ್ರದ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. ಎರಡನ್ನೂ ಒಟ್ಟಿಗೆ ಹಾಕುವುದೂ ಬೇಡ, ಹಳೇ ವೈರಿಂಗ್ ತಡೆಯುವುದಿಲ್ಲ. ರಾಡ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಕರೆಂಟ್ ಹೋದರೆ ಬೆಸ್ಕಾಂಗೆ 1912, ನೀರಿನ ದೂರಿಗೆ ಜಲಮಂಡಳಿಗೆ 1916.

ಒಲೆ ಮತ್ತು ಉಸಿರು

ಇದನ್ನು ದಯವಿಟ್ಟು ಓದಿ ಬಿಟ್ಟುಬಿಡಬೇಡಿ. ಸಣ್ಣ ಮನೆಯಲ್ಲಿ ಜೀವಕ್ಕೆ ಅಪಾಯ ಬರುವುದು ಕಳ್ಳರಿಂದಲ್ಲ, ಉರಿಯಿಂದ.

ಬಚ್ಚಲಿನ ಒಳಗೆ ಗ್ಯಾಸ್ ಗೀಸರ್ ಇಟ್ಟಿರುವ ಮನೆ, ಅದರಲ್ಲೂ ಗಾಳಿ ಹೋಗಲು ದಾರಿ ಇಲ್ಲದ ಬಚ್ಚಲು ಇರುವ ಮನೆ, ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಉರಿ ಸರಿಯಾಗಿ ಉರಿಯಲು ಗಾಳಿ ಸಾಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುವ ಹೊತ್ತಿಗೆ ಚಿಲಕ ತೆಗೆಯಲೂ ಕೈಯಲ್ಲಿ ಶಕ್ತಿ ಇರುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಸ್ನಾನಕ್ಕೆ ಹೋದವರು ಜೀವ ಕಳೆದುಕೊಂಡದ್ದುಂಟು. ಗೀಸರ್ ಈಗಾಗಲೇ ಇದ್ದರೆ ಅದನ್ನು ಬಚ್ಚಲಿನ ಹೊರಗೆ ಹಾಕಿಸಿಕೊಡಿ ಅಂತ ಓನರ್‌ಗೆ ಹೇಳಿ. ಅಲ್ಲಿಯವರೆಗೆ ಬಕೆಟ್ಟಿಗೆ ನೀರು ತುಂಬಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ.

ಅಡುಗೆಗೆ ಗ್ಯಾಸ್ ಬೇಕಾದರೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಗ್ಯಾಸ್ ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಇಂಡಿಯನ್ ಆಯಿಲ್‌ನವರು ಅದನ್ನು ಛೋಟು ಅಂತ ಕರೆಯುತ್ತಾರೆ. ಗುರುತಿನ ಚೀಟಿ ಇದ್ದರೆ ಸಾಕು, ಇಲ್ಲಿಯ ವಿಳಾಸದ ದಾಖಲೆ ಬೇಕಿಲ್ಲ. ಕೆ.ಜಿ. ಲೆಕ್ಕದಲ್ಲಿ ಮನೆಬಳಕೆಯ ದೊಡ್ಡ ಸಿಲಿಂಡರಿಗಿಂತ ದುಬಾರಿ. ಒಬ್ಬರಿಗೆ ಚಿಂತೆಯಿಲ್ಲ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿಕೊಡುವ ಬೀದಿ ಅಂಗಡಿಗಳ ಹತ್ತಿರ ಮಾತ್ರ ಸುಳಿಯಬೇಡಿ. ಕಿಟಕಿಯೇ ಇಲ್ಲದ ರೂಮಿನಲ್ಲಿ ಗ್ಯಾಸ್ ಬೇಡ, ಇಂಡಕ್ಷನ್ ಇಟ್ಟುಕೊಳ್ಳಿ.

ಸಾಮಾನು

ಮೊದಲ ತಿಂಗಳು ಕೊಳ್ಳಬೇಕಾದ್ದು ಚಾಪೆ, ಹಾಸಿಗೆ, ಎರಡು ಬಕೆಟ್, ಒಂದು ಚೊಂಬು, ಕಸಪೊರಕೆ, ಬೀಗ, ಬಟ್ಟೆ ಒಣಹಾಕುವ ಹಗ್ಗ, ಕ್ಲಿಪ್ಪು. ಅಷ್ಟೇ. ಮಂಚ, ಮೇಜು, ಕಪಾಟು ಆಮೇಲೆ. ರೂಮಿನಲ್ಲಿ ನಾಲ್ಕು ವಾರ ಇದ್ದರೆ ನಿಮಗೆ ನಿಜವಾಗಿ ಏನು ಬೇಕು ಅನ್ನುವುದು ತಿಳಿಯುತ್ತದೆ. ಹತ್ತು ಅಡಿಯ ರೂಮಿಗೆ ಮೊದಲೇ ಆರಡಿ ಮಂಚ ತಂದು ಹಾಕಿದರೆ ಓಡಾಡಲು ಉಳಿಯುವುದು ಬಾಗಿಲ ಅಗಲ ಮಾತ್ರ.

ನೆಲ ಬಿಟ್ಟು ಗೋಡೆ ಬಳಸಿ. ಸಜ್ಜದ ಮೇಲೆ ಊರಿಂದ ತಂದ ಸೂಟ್‌ಕೇಸು, ಚಳಿಗಾಲದ ರಗ್ಗು. ಬಾಗಿಲ ಹಿಂದೆ ಕೊಂಡಿ. ಕಡಪ ಕಲ್ಲಿನ ಶೆಲ್ಫ್ ಇದ್ದರೆ ಅದರ ಕೆಳಗಿನ ಖಾನೆಗೆ ಹಳೇ ಸೀರೆಯ ಪರದೆ ಕಟ್ಟಿ. ಗೋಡೆಗೆ ಮೊಳೆ ಹೊಡೆಯುವ ಮೊದಲು ಓನರ್‌ನ ಒಂದು ಮಾತು ಕೇಳಿ, ಇದೊಂದಕ್ಕೇ ಸಂಬಂಧ ಹಳಸಿದ ಮನೆಗಳಿವೆ. ಹಾಸಿಗೆಯನ್ನು ಗೋಡೆಗೆ ಅಂಟಿಸಿ ಹಾಕಬೇಡಿ, ನಾಲ್ಕು ಬೆರಳು ಬಿಡಿ. ಬೆಳಿಗ್ಗೆ ಎದ್ದ ಕೂಡಲೇ ಸುತ್ತಿಡಿ, ವಾರಕ್ಕೊಮ್ಮೆ ಟೆರೇಸಿನ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ನೆಲದ ಥಂಡಿ ಹಾಸಿಗೆಗೆ ಏರುತ್ತದೆ. ಆಗ ಮಡಚುವ ಮಂಚ ಬೇಕು ಅನ್ನಿಸಿದರೆ ಕೊಳ್ಳಿ, ಅದರಡಿಯಲ್ಲಿ ಟ್ರಂಕು ಹೋಗುವಷ್ಟು ಎತ್ತರ ಇರಲಿ.

ಬಲ್ಬು, ವೈರು, ಸ್ವಿಚ್ಚಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಲೆಕ್ಟ್ರಾನಿಕ್ ಸಾಮಾನಿಗೆ ಎಸ್.ಪಿ. ರಸ್ತೆ. ಎರಡೂ ಮೆಜೆಸ್ಟಿಕ್‌ಗೆ ಹತ್ತಿರ. ಬಕೆಟ್, ಚೊಂಬಿಗೆಲ್ಲ ಅಷ್ಟು ದೂರ ಹೋಗುವುದು ಬೇಡ, ನಿಮ್ಮ ಬೀದಿಯ ಅಂಗಡಿಯಲ್ಲೇ ಕೊಳ್ಳಿ. ಹತ್ತು ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ, ಅಂಗಡಿಯವರ ಪರಿಚಯ ಆಗುತ್ತದೆ. ಮಂಚ, ಕುರ್ಚಿ, ಫ್ರಿಜ್ಜು ಸೆಕೆಂಡ್ ಹ್ಯಾಂಡ್ ಸಾಕು. ಊರು ಬಿಟ್ಟು ಹೋಗುವವರು ತಿಂಗಳ ಕೊನೆಯಲ್ಲಿ ಸಿಕ್ಕ ಬೆಲೆಗೆ ಮಾರುತ್ತಾರೆ.

ಊಟ

ಮೂರು ಲೀಟರಿನ ಕುಕ್ಕರ್ ಒಂದಿದ್ದರೆ ರಾತ್ರಿ ಊಟದ ಚಿಂತೆ ಇಲ್ಲ. ಕೆಳಗೆ ನೀರು, ಒಂದು ಡಬ್ಬಿಯಲ್ಲಿ ಅಕ್ಕಿ, ಅದರ ಮೇಲಿನ ಡಬ್ಬಿಯಲ್ಲಿ ತೊಗರಿಬೇಳೆ, ಟೊಮೆಟೊ, ಚಿಟಿಕೆ ಅರಿಸಿನ. ಮೂರ್ನಾಲ್ಕು ಸೀಟಿ. ಬೇಳೆಗೆ ಊರಿಂದ ತಂದ ಸಾರಿನ ಪುಡಿ ಹಾಕಿ ಕುದಿಸಿ, ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟರೆ ಅರ್ಧ ಗಂಟೆಯೊಳಗೆ ಅನ್ನ ಸಾರು ಸಿದ್ಧ. ಊರಿಗೆ ಹೋದಾಗಲೆಲ್ಲ ಚಟ್ನಿಪುಡಿ, ಉಪ್ಪಿನಕಾಯಿ, ಜೋಳದ ಖಡಕ್ ರೊಟ್ಟಿ ತನ್ನಿ. ಫ್ರಿಜ್ ಇಲ್ಲದ ಮನೆಯಲ್ಲಿ ಇವೇ ಆಸರೆ. ಹಾಪ್‌ಕಾಮ್ಸ್‌ನಲ್ಲಿ ತರಕಾರಿ ಎರಡು ದಿನಕ್ಕೆ ಆಗುವಷ್ಟೇ ಕೊಳ್ಳಿ. ಕೈ ಖಾಲಿಯಾದ ತಿಂಗಳ ಕೊನೆಯಲ್ಲಿ ಇಂದಿರಾ ಕ್ಯಾಂಟೀನ್ ಇದೆ: ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಲ್ಲಿ ನಿಂತು ತಿನ್ನಲು ಯಾವ ಸಂಕೋಚವೂ ಬೇಡ.

ಕಸ, ಅಕ್ಕಪಕ್ಕ

ಹಸಿ ಕಸ ಹಸಿರು ಬಕೆಟ್ಟಿಗೆ, ಪ್ಯಾಡ್, ಬ್ಯಾಂಡೇಜ್‌ನಂಥದ್ದು ಕೆಂಪು ಬಕೆಟ್ಟಿಗೆ, ಒಣ ಕಸ ಚೀಲಕ್ಕೆ. ಒಂದೇ ರೂಮಿನಲ್ಲಿ ಹಸಿ ಕಸ ಒಂದು ದಿನ ಉಳಿದರೂ ಜಿರಳೆ ಬರುತ್ತದೆ. ಗಾಡಿ ಬರುವುದು ಬೆಳಿಗ್ಗೆ. ನೀವು ಅಷ್ಟೊತ್ತಿಗೆ ಹೊರಟಿರುತ್ತೀರಿ ಅಂದರೆ ಪಕ್ಕದ ಮನೆಯವರಿಗೆ ಹೇಳಿಟ್ಟು ಬಾಗಿಲ ಹೊರಗೆ ಮುಚ್ಚಿದ ಬಕೆಟ್ ಇಡಿ. ಬಚ್ಚಲ ತೂತಿಗೆ ಜಾಲರಿ ಹಾಕಿ.

ಈ ಪಕ್ಕದ ಮನೆಯವರ ಬಗ್ಗೆ ಇನ್ನೊಂದು ಮಾತು. ಸಾಲು ಮನೆಯಲ್ಲಿ ಗೋಡೆ ತೆಳು, ಕುಕ್ಕರ್ ಸೀಟಿಯಿಂದ ಹಿಡಿದು ಜಗಳದವರೆಗೆ ಎಲ್ಲ ಕೇಳುತ್ತದೆ. ಕಿರಿಕಿರಿಯೂ ಆಗುತ್ತದೆ. ಆದರೆ ಜ್ವರ ಬಂದು ಮಲಗಿದಾಗ ಗಂಜಿ ತಂದುಕೊಡುವವರು ಅವರೇ, ಟ್ಯಾಂಕರ್ ಬಂದಾಗ ನಿಮ್ಮ ಬಕೆಟ್ಟನ್ನೂ ಸಾಲಿನಲ್ಲಿ ಇಡುವವರು ಅವರೇ. ಬಂದ ದಿನ ಹಾಲು ಉಕ್ಕಿಸಿದರೆ ಎರಡು ಮನೆಗೆ ಸ್ವಲ್ಪ ಸಿಹಿ ಕೊಟ್ಟು ಬನ್ನಿ. ನಂಬಿಕೆ ಬಂದ ಮೇಲೆ ಒಬ್ಬರ ಹತ್ತಿರ ಇನ್ನೊಂದು ಕೀ ಕೊಟ್ಟಿಡಿ. ನಿಮ್ಮ ಊರಿನ ಮನೆಯ ನಂಬರ್ ಅವರ ಫೋನಿನಲ್ಲಿ ಇರಲಿ.

ಮನೆ ಸಣ್ಣದಾದಷ್ಟೂ ಹೊರಗಿನ ಜಾಗ ಬೇಕು. ಬಡಾವಣೆಯ ಪಾರ್ಕು, ವಾರ್ಡಿನ ಲೈಬ್ರರಿ, ರಜೆಯ ದಿನ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ. ಅಲ್ಲಿ ಕೂತು ಓದಲು ದುಡ್ಡು ಕೊಡಬೇಕಾಗಿಲ್ಲ. ಭಾನುವಾರ ಇಡೀ ದಿನ ಆ ನಾಲ್ಕು ಗೋಡೆಯೊಳಗೆ ಫೋನ್ ಹಿಡಿದು ಕೂತರೆ ಮನಸ್ಸು ಕುಗ್ಗುತ್ತದೆ, ಊರಿನ ನೆನಪು ಜಾಸ್ತಿಯಾಗುತ್ತದೆ. ಎದ್ದು ಹೊರಗೆ ಹೋಗಿ.

ಖಾಲಿ ಮಾಡುವಾಗ

ಅಗ್ರಿಮೆಂಟಿನಲ್ಲಿ ಎಷ್ಟು ದಿನ ಅಂತಿದೆಯೋ ಅಷ್ಟು ಮೊದಲು ಓನರ್‌ಗೆ ಬಾಯಲ್ಲಿ ಹೇಳಿ, ವಾಟ್ಸಾಪ್‌ನಲ್ಲೂ ಬರೆದು ಕಳಿಸಿ. ಅಡ್ವಾನ್ಸ್ ಇದ್ದೇ ಇದೆಯಲ್ಲ ಅಂತ ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸಬೇಡಿ, ಮಾತು ಕೆಡುವುದು ಅಲ್ಲಿಂದಲೇ. ಕೊನೆಯ ಕರೆಂಟ್ ಬಿಲ್ ಕಟ್ಟಿ, ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿ. ಇಲ್ಲದಿದ್ದರೆ ಹೊಸ ಮನೆಯ ಮೀಟರಿಗೆ ಜೋಡಿಸಲು ಆಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಈ ವಿಳಾಸ ಇದ್ದರೆ ಫಾರಂ 8 ತುಂಬಿ ಬದಲಿಸಿ. ಸಾಮಾನು ಸಾಗಿಸಿ, ರೂಮು ಗುಡಿಸಿ, ಬಂದ ದಿನ ತೆಗೆದ ಅದೇ ಜಾಗಗಳ ಫೋಟೋ ಮತ್ತೆ ತೆಗೆಯಿರಿ. ಪೇಂಟಿಂಗ್ ಹಿಡಿದು ಎಷ್ಟು ಬರಬೇಕು ಅನ್ನುವುದನ್ನು ಇಬ್ಬರೂ ಕೂತು ಒಂದು ಚೀಟಿಯಲ್ಲಿ ಬರೆಯಿರಿ. "ಮುಂದಿನ ಬಾಡಿಗೆಯವರು ಬಂದ ಮೇಲೆ ಕೊಡ್ತೀವಿ" ಅಂದರೆ, ಅಗ್ರಿಮೆಂಟಿನಲ್ಲಿ ಬರೆದ ತಾರೀಕನ್ನು ಮೆಲ್ಲಗೆ ತೋರಿಸಿ. ದುಡ್ಡು ಖಾತೆಗೆ ಬಂದ ಮೆಸೇಜ್ ನೋಡಿಕೊಂಡು ಕೀ ಕೊಡಿ.